ಪಾಂಬನ್ನಿನಲ್ಲಿ ಇಳಿಯದ ಅಕ್ಕ

ಅಕ್ಕನ ಬಲಗೈ ಹೆಬ್ಬೆರಳಿನ ಉಗುರು ಯಾವಾಗಲೂ ಕಪ್ಪಗಿರುತ್ತಿತ್ತು. ಹುಣಸೆಹಣ್ಣಿನ ನಾರು ಎಳೆದು, ಬೀಜ ಬಿಡಿಸಿ ಹಾಗಾಗಿತ್ತು. ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಅವ್ವ ಸತ್ತಾಗ ನನಗೆ ನಾಲ್ಕು ವರ್ಷ. ಗಂಡ ತೀರಿಕೊಂಡು ನಮ್ಮೂರು ದೊಡ್ಡೇರಿಗೆ ಹಿಂತಿರುಗಿದ್ದ ಅಕ್ಕನೇ ನನಗೆ ಮುದ್ದೆ ಮುರಿದು ತಿನ್ನಿಸಿದಳು, ಕೂಲಿಗೆ ಹಣ್ಣು ಬಿಡಿಸಿ ನಾಲ್ಕನೇ ಕ್ಲಾಸಿನವರೆಗೆ ಓದಿಸಿದಳು. ಯಾರಾದರೂ ಬೈದರೆ, "ಬುಡು, ಅವರಿಗೂ ಹೊಟ್ಟೆ ಹಸ್ದಿರ್ತದೆ" ಎನ್ನುತ್ತಿದ್ದಳು. ಅವಳಿಗೆ ಹಸಿದಿದೆಯೇ ಎಂದು ನಾನು ಕೇಳಿದ ನೆನಪಿಲ್ಲ.

ಆ ನಾಲ್ಕು ಅಕ್ಷರದಿಂದ ಮಧುಗಿರಿಯ ಹುಣಸೆ ಮಂಡಿಯೊಂದರಲ್ಲಿ ನನಗೆ ತೂಕ ಬರೆಯುವ ಕೆಲಸ ಸಿಕ್ಕಿತು. ಮದುವೆಯಾಗಿ ಎಂಟು ವರ್ಷ ಕಳೆದರೂ ನಮಗೆ ಮಕ್ಕಳಾಗಲಿಲ್ಲ. ಅಕ್ಕ ರಾಮೇಶ್ವರಕ್ಕೆ ಹರಕೆ ಹೊತ್ತಳು. ಹರಕೆ ಹೊತ್ತವಳೇ ಗಂಡ ಹೆಂಡಿರ ಕೈ ಹಿಡಿದು ಸಮುದ್ರದಲ್ಲಿ ಮೂರು ಸಲ ಮುಳುಗಿಸಬೇಕು. ಮಂಡಿಯ ಸಾಹುಕಾರರು ಹೆಂಡತಿಯೊಡನೆ ಅಲ್ಲಿಗೇ ಹೊರಟಾಗ ನಾವು ಮೂವರೂ ಜೊತೆಯಾದೆವು.

ಮಧುರೆಯವರೆಗೆ ಎಲ್ಲ ಸುಸೂತ್ರವಾಗಿತ್ತು. ಅಲ್ಲಿ ಬೆಳಗಿನ ರೈಲು ಹಿಡಿಯಬೇಕಾದ ಹೊತ್ತಿಗೆ ಸಾಹುಕಾರರು ಪಂಚಾಂಗ ಬಿಚ್ಚಿ, ರಾಹುಕಾಲ ಕಳೆಯುವವರೆಗೂ ಛತ್ರದ ಹೊಸ್ತಿಲು ದಾಟುವುದಿಲ್ಲವೆಂದು ಕೂತರು.

"ರೈಲು ಕಾಯ್ತದಾ ಸ್ವಾಮಿ?" ಎಂದೆ.

"ರೈಲು ತಪ್ಪಿದ್ರೆ ಇನ್ನೊಂದು ಬತ್ತದೆ. ರಾಹು ಹಿಡಿದ್ರೆ ಬುಡಿಸೋರ್ಯಾರ್ಲಾ?"

ರೈಲು ತಪ್ಪಿತು. ಮುಂದಿನದರಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಾಲದ್ದಕ್ಕೆ, ಸೇತುವೆಯ ಮೇಲೆ ಗಾಳಿ ಜೋರಾಗಿದೆಯೆಂದು ಮಂಡಪಂ ನಿಲ್ದಾಣದಲ್ಲಿ ಗಾಡಿಯನ್ನು ನಿಲ್ಲಿಸಿಬಿಟ್ಟರು. ಕಣ್ಣು ಬಿಡಲಾಗದ ಬಿಸಿಲು. ಕುಡಿಯುವ ನೀರೂ ಉಪ್ಪುಪ್ಪು.

ಸಾಹುಕಾರರ ಹೆಂಡತಿ ತಡೆಯಲಾರದೆ ಅಂದರು: "ಬೆಳಿಗ್ಗೆ ಎದ್ದು ನಾನು ಮೊದ್ಲು ಕಂಡಿದ್ದು ನಿಮ್ಮಕ್ಕನ ಬರೀ ಹಣೆ. ಇನ್ನೇನಾದೀತು!"

ಸಾಹುಕಾರರು ನನ್ನತ್ತ ತಿರುಗಿದರು. "ಅವಳನ್ನ ಬೇರೆ ಡಬ್ಬಿಗೆ ಕಳ್ಸು. ಸ್ನಾನದ ಹೊತ್ನಲ್ಲೂ ನಮ್ಮ ಕಣ್ಣಿಗೆ ಬೀಳೋದು ಬ್ಯಾಡ."

ರೈಲು ತಪ್ಪಿಸಿದವರು ಯಾರೆಂದು ನನಗೆ ಗೊತ್ತಿತ್ತು. ಕೆಲಸ ಹೋದೀತೆಂದು ಬಾಯಿ ಬಿಡಲಿಲ್ಲ. ಅಕ್ಕ ಆಗಲೇ ಗಂಟು ಎತ್ತಿಕೊಂಡಿದ್ದಳು. "ಹಿಂದ್ಲ ಡಬ್ಬೀಲಿ ಗಾಳಿ ಚೆಂದಾಗಿ ಬತ್ತದೆ ಕಣ್ಲಾ. ಇಳಿಯೋ ಜಾಗ ಬಂದಾಗ ಕೂಗು. ನಂಗೆ ಇಲ್ಲಿನ ಮಾತು ತಿಳಿಯಾಕಿಲ್ಲ."

ಹೊತ್ತು ಇಳಿದ ಮೇಲೆ ಗಾಡಿ ಸಮುದ್ರ ದಾಟಿತು. ದ್ವೀಪದ ಮೊದಲ ನಿಲ್ದಾಣ ಪಾಂಬನ್. ರಾಮೇಶ್ವರಕ್ಕೆ ಹೋಗುವವರು ಅಲ್ಲಿಳಿದು ಬೇರೆ ಗಾಡಿ ಹತ್ತಬೇಕಿತ್ತು. ನಾವು ಬಂದ ಗಾಡಿ ನೇರ ದ್ವೀಪದ ತುದಿಯ ಧನುಷ್ಕೋಟಿಗೆ ಹೋಗುತ್ತಿತ್ತು. "ಓಡ್ಲಾ, ಜಾಗ ಹಿಡಿ!" ಎಂದು ಸಾಹುಕಾರರು ಕೂಗಿದರು. ಅವರ ಪೆಟ್ಟಿಗೆ ಹೊತ್ತು ಓಡಿದೆ. ಹಿಂದಿನ ಡಬ್ಬಿ ಮೂವತ್ತು ಮಾರು ದೂರದಲ್ಲಿತ್ತು. "ಅಕ್ಕಾ" ಎಂದು ಒಮ್ಮೆ ಕೂಗಿದ್ದರೆ ಸಾಕಿತ್ತು. ಅವರೆದುರು ಅವಳನ್ನು ಮತ್ತೆ ಕರೆದುಕೊಳ್ಳಲು ನನಗೆ ಧೈರ್ಯವಾಗಲಿಲ್ಲ. ಜನರನ್ನು ನೋಡಿ ತಾನೇ ಇಳಿದಾಳು ಎಂದುಕೊಂಡೆ. ಗಾಡಿ ಅವಳನ್ನು ಹೊತ್ತುಕೊಂಡು ಹೋಯಿತು.

ರಾಮೇಶ್ವರದಲ್ಲಿ ನನ್ನ ಹೆಂಡತಿ ಅತ್ತಳು. "ಎಲ್ಲಿಗೋಯ್ತಾಳೆ? ಸುತ್ತ ನೀರೈತೆ" ಎಂದು ಸಾಹುಕಾರರು ನಕ್ಕರು. ಬೆಳಿಗ್ಗೆ ಅವರು ಹೊರಟಾಗ ನಾವೂ ಹೋಗಿ ಮುಳುಗಿ ಬಂದೆವು.

ನಡುಮಧ್ಯಾಹ್ನ ಅಕ್ಕ ಧನುಷ್ಕೋಟಿಯಿಂದ ಮರಳಿನಲ್ಲಿ ನಡೆದು ಬಂದಳು. ಅಂಗಾಲಿನಲ್ಲಿ ಬೊಬ್ಬೆಗಳೆದ್ದಿದ್ದವು. "ಅಲ್ಲಿ ಎರಡು ಸಮುದ್ರ ಸೇರ್ತವೆ ಕಣ್ಲಾ, ನೀವೇ ನೋಡ್ಲಿಲ್ಲ. ಮೀನು ಮಾರೋ ಹೆಂಗಸರು ಎಳನೀರು ಕೊಟ್ರು" ಎಂದಳು. ಆಮೇಲೆ ನನ್ನ ಹೆಂಡತಿಯ ಒದ್ದೆ ಜಡೆ ನೋಡಿದಳು.

"ಮುಳುಗಿದ್ರಾ?"

"ಹೂಂ."

"ಬಾ, ಇನ್ನೊಂದ್ಸಲ ಮುಳುಗೋಣ. ನಾನು ಕೈ ಹಿಡೀಬೇಕಲ್ವಾ."

ಸಾಹುಕಾರರು ಛತ್ರದ ಜಗಲಿಯಿಂದ ನೋಡುತ್ತಿದ್ದರು. "ಒಂದ್ಸಲ ಆದ್ರೆ ಸಾಕಂತೆ ಅಕ್ಕಾ" ಎಂದೆ.

ಅವಳು ಒಬ್ಬಳೇ ಮೊಣಕಾಲುದ್ದ ನೀರಿಗಿಳಿದು, ಬೊಗಸೆಯಿಂದ ಮೂರು ಸಲ ತಲೆಗೆ ಹಾಕಿಕೊಂಡು ಬಂದಳು. ಅಲೆ ಬಂದಾಗಲೆಲ್ಲ ಹಿಂದೆ ಸರಿಯುತ್ತಿದ್ದಳು.

ಊರಿಗೆ ಬಂದ ಮೇಲೆ ಯಾರು ಕೇಳಿದರೂ, "ನಿದ್ದೆ ಹತ್ಬುಡ್ತು ಕಣಮ್ಮ, ಇನ್ನೊಂದಿಷ್ಟು ಮಲಗಿದ್ರೆ ಲಂಕೇಲಿ ಇಳೀತಿದ್ದೆ" ಎಂದು ತಾನೇ ಮೊದಲು ನಗುತ್ತಿದ್ದಳು. ನಾನೂ ನಗುತ್ತಿದ್ದೆ. ಮಾರನೇ ವರ್ಷ ನಮಗೆ ಮಗಳು ಹುಟ್ಟಿದಳು. ಅವಳನ್ನು ಎತ್ತಿ ಆಡಿಸಿದ್ದೂ ಅಕ್ಕನೇ.

ಕಳೆದ ವರ್ಷ ಅಕ್ಕ ತೀರಿಕೊಂಡಳು. ತಿಥಿಯ ಊಟದಲ್ಲಿ ಸಾಹುಕಾರರು ಎಲೆಯ ಮುಂದೆ ಕೂತು ಆ ಕಥೆ ತೆಗೆದರು, ಪಂಕ್ತಿಯೆಲ್ಲ ನಕ್ಕಿತು. ಮಗಳು ನನ್ನನ್ನು, "ಅತ್ತೆಗೆ ಅಷ್ಟೊಂದು ನಿದ್ದೆ ಬತ್ತಿತ್ತೇನಪ್ಪಾ?" ಎಂದು ಕೇಳಿದಳು. ನಾನು ಸಾರಿನ ಪಾತ್ರೆ ಹಿಡಿದು ಮುಂದಿನ ಎಲೆಗೆ ಹೋದೆ.

ಮಗಳಿಗೆ ಅಂದು ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮತ್ತೆ ನಿದ್ದೆ ಹೋಗಿರಲಿಲ್ಲ, ಮಗಳೇ. ನಾನು ಕೂಗುತ್ತೇನೆಂದು ಕಾಯುತ್ತಾ ಕೂತಿದ್ದಳು.