ಡಿಗ್ರಿ ಬಾರದ ಹಾಲು

ಬೆಳಗ್ಗೆ ಕಾಫಿಗಿಟ್ಟ ಹಾಲು ಒಡೆಯಿತು. ಹುಳಿ ವಾಸನೆ ಮೂಗಿಗೆ ಬಡಿದದ್ದೇ ಪಾತ್ರೆ ಸಮೇತ ಹೊರಗಿಟ್ಟು ಬಂದೆ. ಹಾಲಿನ ತಪ್ಪೇನಿಲ್ಲ, ಊರಿನಲ್ಲಿ ನಮ್ಮ ಮನೆಯ ಹಿಂದಿದ್ದ ದೊಡ್ಡವ್ವನ ಹಿತ್ತಿಲು ಒಂದು ಬೇಸಿಗೆ ಪೂರ್ತಿ ಹೀಗೇ ನಾರುತ್ತಿತ್ತು...

ಹಳೇಕೋಟೆ ಕಡೆಯ ನಮ್ಮೂರಿನಲ್ಲಿ ಯೇಸುವನ್ನು ನಂಬಿದವಳು ಅವಳೊಬ್ಬಳೇ. ಗಂಡ ಹಾಸನದ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಮಲಗಿದ್ದಾಗ ಪಕ್ಕದ ಮಂಚದವನ ಹೆಂಡತಿ ಕಲಿಸಿದ ಪ್ರಾರ್ಥನೆ ಅದು. ಗಂಡ ಉಳಿಯಲಿಲ್ಲ, ಪ್ರಾರ್ಥನೆ ಉಳಿಯಿತು.

"ನಿನ್ ಯೇಸಪ್ಪ ಏನ್ ಕಿಸ್ದ?" ಎಂದು ಊರು ಕೇಳಿತು.

"ಉಳಿಸ್ಲಿಲ್ಲ, ದಿಟ. ಆದ್ರೆ ಅವ್ರು ನರಳೋವಾಗ ಜತೇಲಿದ್ದ. ನೀವ್ ಯಾರ್ ಬಂದಿದ್ರಪ್ಪ?"

ಅಲ್ಲಿಗೆ ಕೆಟ್ಟಿತು.

ಅವಳ ಬದುಕು ನಿಂತಿದ್ದೇ ಒಂದು ಹಸುವಿನ ಮೇಲೆ. ಮರುವಾರದಿಂದ ಡೇರಿಯ ಸೆಕ್ರೆಟರಿ ಅವಳ ಹಾಲಿಗೆ ಲ್ಯಾಕ್ಟೋಮೀಟರ್ ಇಳಿಬಿಟ್ಟು ತಲೆಯಾಡಿಸತೊಡಗಿದ.

"ಡಿಗ್ರಿ ಬತ್ತಿಲ್ಲ ಕಣವ್ವ, ನೀರೈತೆ." ಆಮೇಲೆ ದನಿ ತಗ್ಗಿಸಿ, "ಅಮ್ಮನ ಗುಡೀಗ್ ಬಂದು ತೀರ್ಥ ತಕ್ಕೊ, ತಪ್ಪಾಯ್ತು ಅನ್ನು. ಡಿಗ್ರಿ ತಾನಾಗೇ ಬತ್ತದೆ."

"ಯೇಸಪ್ಪನ್ನ ಬಿಡಾಕಾಗಕಿಲ್ಲ ಕಣಪ್ಪ" ಎಂದು ಅವಳು ಕ್ಯಾನು ಎತ್ತಿಕೊಂಡು ಹೋದಳು. ಹಾಲು ತೆಂಗಿನ ಬುಡಕ್ಕೆ. ಮರುದಿನ ಮತ್ತೆ ಬಂದು ಸಾಲಿನಲ್ಲಿ ನಿಂತಳು. ಅದರ ಮರುದಿನವೂ.

ನಾನು? ಆಗ ಡಿಗ್ರಿ ಓದುತ್ತಿದ್ದೆ. ನನಗೂ ಡಿಗ್ರಿ ಬರಲಿಲ್ಲ, ಅದು ಬೇರೆ ಮಾತು. ಊರಿನವರ ದನಿಗಳನ್ನೆಲ್ಲ ಗಂಟಲಲ್ಲಿಟ್ಟುಕೊಂಡು ತಿರುಗುತ್ತಿದ್ದ ಬಾಲವಿಲ್ಲದ ಮಂಗ. ಒಂದು ದಿನ ಡೇರಿ ಮುಂದೆ ತಲೆಗೆ ಟವೆಲ್ ಹೊದ್ದು, ಕಣ್ಣು ಮುಚ್ಚಿ, ಅವಳದೇ ರಾಗದಲ್ಲಿ "ಯೇಸಪ್ಪಾ, ನಮ್ ಹಸೀಗೆ ಒಂಚೂರ್ ಡಿಗ್ರಿ ಕೊಡಪ್ಪಾ..." ಎಂದೆ. ಸೆಕ್ರೆಟರಿ ಹೊಟ್ಟೆ ಹಿಡಿದುಕೊಂಡು ನಕ್ಕ. ಕಣ್ಣು ಬಿಟ್ಟರೆ ಎದುರಿಗೇ ದೊಡ್ಡವ್ವ.

"ಚೆಂದಾಗ್ ಮಾಡ್ತೀಯ ಕಣ್ಲಾ" ಎಂದಳು. "ಕೊನೇಲಿ ಆಮೆನ್ ಬಿಟ್ಬುಟ್ಟೆ."

ನಾನು ಹಲ್ಲು ಕಿರಿದೆ. ಎಂತೆಂಥವರ ನಗುವನ್ನೋ ಮಿಮಿಕ್ರಿ ಮಾಡಿದ್ದೇನೆ. ಅವತ್ತಿನ ನನ್ನ ನಗುವಿನಷ್ಟು ಹೇಸಿಗೆಯದು ಇನ್ನೊಂದಿಲ್ಲ.

ಬೇಸಿಗೆ ಮುಗಿಯುವ ಹೊತ್ತಿಗೆ ಅವಳು ಹಸು ಮಾರಿದಳು. ಕೊಂಡವನು ಅದೇ ಸೆಕ್ರೆಟರಿ. ಅವತ್ತು ಸಂಜೆಯೇ ಅದೇ ಹಸುವಿನ ಹಾಲಿಗೆ ಡಿಗ್ರಿ ಬಂತು! ಸಾಲಿನಲ್ಲಿ ನಿಂತಿದ್ದವರು ತಮ್ಮ ತಮ್ಮ ಕ್ಯಾನು ಮುಂದೆ ತಳ್ಳಿದರು. ಊರೆಲ್ಲರ ದನಿಯಲ್ಲಿ ಮಾತಾಡುವ ನನಗೆ ನನ್ನದೇ ದನಿ ಹೊರಡಲಿಲ್ಲ.

ಅವಳು ಚನ್ನರಾಯಪಟ್ಟಣದ ಒಂದು ಹಾಸ್ಟೆಲಿಗೆ ಅಡುಗೆ ಕೆಲಸಕ್ಕೆ ಹೋದಳು. ಆಮೇಲೊಮ್ಮೆ ಸೆಕ್ರೆಟರಿಯ ಮಗಳು ಕಾಯಿಲೆ ಬಿದ್ದಿದ್ದಳು. ಸಂತೆಯಲ್ಲಿ ಸಿಕ್ಕ ನಮ್ಮಮ್ಮನ ಹತ್ತಿರ, ಆ ಹುಡುಗಿಗೆ ವಾಸಿಯಾಯಿತೇ ಎಂದು ವಿಚಾರಿಸಿ, "ದಿನಾ ಪ್ರಾರ್ಥ್ನೆ ಮಾಡ್ತೀನಿ ಅನ್ನವ್ವ" ಎಂದಿದ್ದಳಂತೆ. ಅದನ್ನು ಕೇಳಿದಾಗಲೂ ಡೇರಿ ಮುಂದೆ ನಕ್ಕವರಿದ್ದರು... ಥೂ.

ಹೋದ ತಿಂಗಳು ತೀರಿಕೊಂಡಳು. ಮಣ್ಣಿಗೆ ನಮ್ಮೂರಿನಿಂದ ಯಾರೂ ಹೋಗಲಿಲ್ಲ. ಅವತ್ತು ಅರಕಲಗೂಡಿನಲ್ಲಿ ಒಂದು ಬೀಗರ ಊಟಕ್ಕೆ ನನ್ನ ಮಿಮಿಕ್ರಿ ಇತ್ತು. ಜನ ಚೆನ್ನಾಗಿ ನಕ್ಕರು.