ಮಾವನ ತಲೆಯ ಅಲೆಗಳು

ಮೊನ್ನೆ ಮೊಬೈಲಿನಲ್ಲೊಂದು ಜಾಹೀರಾತು ಬಂತು. ಹಣೆಗೆ ಪಟ್ಟಿ ಕಟ್ಟಿಕೊಂಡ ಹುಡುಗಿ, ಹಿಂದೆ ನೀಲಿ ಅಲೆಗಳು, ನೆನಪಿನ ಶಕ್ತಿ ಹೆಚ್ಚಿಸಿಕೊಳ್ಳಿ ಎಂಬ ಕರೆ. ನೀವಾದರೆ ಬೆರಳಲ್ಲಿ ಸರಿಸಿಬಿಡುತ್ತಿದ್ದಿರಿ. ನಾನು ಒಬ್ಬಳೇ ಕೂತು ನಕ್ಕೆ. ಅಂಥ ಪಟ್ಟಿಯನ್ನು ನಮ್ಮ ಮಾವನ ತಲೆಗೇ ಕಟ್ಟಿದ್ದನ್ನು ಕಂಡವಳು ನಾನು.

ಆಗ ನಾವು ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನಲ್ಲಿದ್ದೆವು. ಉಡುಪಿಯಿಂದ ವಿಸಿಟ್ ವೀಸಾದಲ್ಲಿ ಬಂದಿದ್ದ ಮಾವನಿಗೆ ಮರೆವು ಶುರುವಾಗಿತ್ತು. ಒಂದು ಬೆಳಿಗ್ಗೆ ಚಹಾ ಕುಡಿಯುತ್ತ ನನ್ನ ಗಂಡನನ್ನು, ಅಂದರೆ ಸ್ವಂತ ಮಗನನ್ನು, "ನೀವು ಯಾರ ಮಗ ಮಾರಾಯ್ರೆ?" ಎಂದು ವಿಚಾರಿಸಿದರು. ಆಸ್ಪತ್ರೆಯ ಡಾಕ್ಟರು ಇದನ್ನು ಗುಣಪಡಿಸುವ ಮದ್ದಿಲ್ಲ ಎಂದರು. ಮದ್ದಿಲ್ಲ ಎನ್ನುವ ಡಾಕ್ಟರು ಯಾರಿಗೆ ಬೇಕು? ಮದ್ದುಂಟು ಎನ್ನುವವನೊಬ್ಬನನ್ನು ಇವರು ದುಬೈಯಲ್ಲಿ ಪತ್ತೆಹಚ್ಚಿದರು.

ಬೆಂಗಳೂರು ಕಡೆಯ ಆಸಾಮಿ, 'ನೆನಪಿನ ತಜ್ಞ'. ಗೋಡೆಯ ತುಂಬ ಪ್ರಮಾಣಪತ್ರ. ಮಾವನ ತಲೆಗೆ ಅಂಟಂಟು ಜೆಲ್ ಬಳಿದು ತಂತಿಗಳ ಪಟ್ಟಿ ಬಿಗಿದ. ಮಿದುಳಿನಲ್ಲಿ ನಿಧಾನದ ಅಲೆಗಳೂ ವೇಗದ ಅಲೆಗಳೂ ಏಳುತ್ತವೆ, ಎರಡರ ತಾಳ ಕೂಡಿದಾಗ ನೆನಪು ಗಟ್ಟಿಯಾಗುತ್ತದೆ ಎಂದ. ಇಷ್ಟು ಬಹುಮಟ್ಟಿಗೆ ನಿಜವೇ ಅಂತೆ, ಆಮೇಲೆ ಓದಿ ತಿಳಿದೆ. ಅರ್ಧ ನಿಜಕ್ಕಿರುವ ಗಿರಾಕಿ ಪೂರ್ತಿ ಸುಳ್ಳಿಗೆಲ್ಲಿ? ಉಳಿದರ್ಧ ಏನೆಂದರೆ, ಅವನ ಹೆಡ್‌ಫೋನಿನ ಗುಂಯ್ ಸದ್ದು ಕೇಳಿದರೆ ತಪ್ಪಿದ ತಾಳ ತಾನಾಗಿ ಸರಿಹೋಗುತ್ತದಂತೆ!

ಪರದೆಯ ಮೇಲೆ ಗೆರೆಗಳು ಕುಣಿಯತೊಡಗಿದವು. "ನೋಡಿ ಸಾರ್, ಫಾಸ್ಟ್ ವೇವ್ಸ್! ಅಂಕಲ್ ಮೆಮೊರಿ ವಾಪಸ್ ಬರ್ತಾ ಇದೆ!"

ಇವರ ಕಣ್ಣು ತುಂಬಿತು. ನಾನು ಮಾವನ ಮುಖ ನೋಡಿದೆ. ದವಡೆ ಆಡುತ್ತಿತ್ತು.

"ಮಾವ, ಬಾಯಲ್ಲಿ ಎಂತ ಉಂಟು?"

"ಖರ್ಜೂರ. ಹೊರಗೆ ತಟ್ಟೆಯಲ್ಲಿ ಇಟ್ಟಿದ್ರು."

"ಸ್ವಲ್ಪ ಜಗಿಯುವುದು ನಿಲ್ಲಿಸಿ."

ನಿಲ್ಲಿಸಿದರು. ಗೆರೆಗಳು ಮಲಗಿದವು. ಮತ್ತೆ ಜಗಿಯಲು ಹೇಳಿದೆ. ಎದ್ದು ಕುಣಿದವು. ತಜ್ಞ ತಂತಿ ಸರಿಪಡಿಸುವವನಂತೆ ಬಗ್ಗಿದ.

"ಖಲಾಸ್! ಇದು ಮಿದುಳಲ್ಲ, ದವಡೆ," ಎಂದೆ.

ಕಾರು ಹತ್ತಿದ್ದೇ ಇವರು ಸಿಡಿದರು. "ನಿನಗೆ ಎಲ್ಲದರಲ್ಲೂ ಗೆಲ್ಲಬೇಕು. ನಾನು ಒಂದು ವಾರ ನಂಬಿಕೊಂಡಿದ್ರೆ ನಿನ್ನದೆಂತ ಹೋಗ್ತಿತ್ತು?"

ನಾನೂ ದನಿ ಏರಿಸಿ ತಿರುಗಿ ಬೈದೆ. ಹಿಂದಿನ ಸೀಟಿನಿಂದ ಮಾವ, "ಅವರಿಗೆ ಬೈಬೇಡಮ್ಮ. ಪಾಪ, ಈ ಡ್ರೈವರ್ ಒಳ್ಳೆಯವರು," ಎಂದರು.

ಇವರು ಕನ್ನಡಿಯಲ್ಲಿ ಅಪ್ಪನ ಮುಖ ಒಮ್ಮೆ ನೋಡಿ ಕಾರು ಸ್ಟಾರ್ಟ್ ಮಾಡಿದರು.

ಮುಂದಿನ ವರ್ಷ ಮಾವ ತೀರಿಕೊಂಡರು. ತಜ್ಞನ ವ್ಯಾಪಾರ ಇನ್ನೂ ಜೋರಾಗಿಯೇ ಇರಬೇಕು. ಕಣ್ಣೀರು ಇರುವಲ್ಲಿಗೆಲ್ಲ ಅಂಥವರಿಗೆ ದಾರಿ ಗೊತ್ತಿರುತ್ತದೆ.

ಈಗ ಇವರಿಗೂ ಹೆಸರುಗಳು ತಡವಾಗಿ ಸಿಗುತ್ತಿವೆ. ನಿನ್ನೆ ಮಗಳನ್ನು ತಮ್ಮ ತಂಗಿಯ ಹೆಸರು ಹಿಡಿದು ಕರೆದರು. "ಪಪ್ಪಾ, ದಟ್ಸ್ ನಾಟ್ ಮೀ!" ಎಂದು ಅವಳು ನಕ್ಕಳು. ಇವರು ನಗಲಿಲ್ಲ, ನನ್ನ ಕಡೆ ನೋಡಿದರು. ನಾಲಿಗೆಯ ತುದಿಗೆ ಬಂದಿದ್ದ ಕುಹಕವನ್ನು ನುಂಗಿಕೊಂಡೆ.

"ನಿಮ್ಮ ತಂಗಿಯ ಹಾಗೇ ಇದ್ದಾಳಲ್ಲ, ನನಗೂ ಅದೇ ಹೆಸರು ಬಾಯಿಗೆ ಬರ್ತದೆ," ಎಂದೆ.

ಶುದ್ಧ ಸುಳ್ಳು. ಇವರು ನಂಬಿದರು.