ನೀಲಾಂಬಿಕಳ ಮಷಿನ್ ಯಾರದು?

ಶಿಕಾರಿಪುರದ ನೀಲಾಂಬಿಕಳ ಅನುಮಾನಕ್ಕೆ ಮದ್ದಿಲ್ಲ. ಹಾಲಿನವನು ನಕ್ಕರೆ ಹಾಲಿಗೆ ನೀರು ಬಿದ್ದಿದೆ, ನಗದಿದ್ದರೆ ಜಾಸ್ತಿಯೇ ಬಿದ್ದಿದೆ! ಆದರೆ ಅವಳ ಶೇಂಗಾ ಚಟ್ನಿಪುಡಿ ಇದೆಯಲ್ಲ, ಅಬ್ಬಾ, ಒಮ್ಮೆ ನಾಲಿಗೆಗೆ ತಾಕಿದರೆ ರೊಟ್ಟಿ ಮುಗಿದದ್ದೇ ಗೊತ್ತಾಗುವುದಿಲ್ಲ. ಗಂಡ ತೀರಿಕೊಂಡ ಮೇಲೆ ಒರಳಲ್ಲಿ ಕುಟ್ಟಿ ಮಾರಲು ಶುರುಮಾಡಿದವಳು ಈಗ ಹಿಂದಿನ ಕೋಣೆಯಲ್ಲಿ ಪುಡಿ ಮಾಡುವ ಮಷಿನ್ನೇ ಇಟ್ಟಿದ್ದಾಳೆ.

ಅದು ಯಾರದೆಂದು ಕೇಳಿದವರಿಗೆಲ್ಲ ಒಂದೇ ಉತ್ತರ: "ಸೊರಬದ ಚಿಕ್ಕಮ್ಮಂದು." ಹಾಗೆಂದರೆ ದೃಷ್ಟಿ ತಾಗುವುದಿಲ್ಲ, ಮೈದುನ ಗುರುಪ್ರಕಾಶನ ಕೈಯೂ ತಾಗುವುದಿಲ್ಲ. 'ಎರಡು ದಿನಕ್ಕೆ' ಎಂದು ಅವನು ಒಯ್ದ ಗ್ರೈಂಡರ್ ಇಂದಿಗೂ ಅವನ ಹೋಟೆಲಿನಲ್ಲೇ ತಿರುಗುತ್ತಿದೆ.

ಹೀಗಿರುವಾಗ ಸೊರಬದ ಹಾಸ್ಟೆಲೊಂದು ಪ್ರತಿ ತಿಂಗಳೂ ಪುಡಿ ಕೊಳ್ಳಲು ಒಪ್ಪಿತು. ಎರಡೇ ಷರತ್ತು: ಸ್ವಂತ ಮಷಿನ್ ಇರಬೇಕು, ಉದ್ಯಮ ನೋಂದಣಿಯಾಗಿರಬೇಕು. ನೋಂದಣಿ ಮಾಡಿಸಿಕೊಡಲು ಮಹಿಳಾ ಸಂಘದಿಂದ ಶರಣ್ಯ ಬಂದಳು. ಅದೇ ಹೊತ್ತಿಗೆ ಗುರುಪ್ರಕಾಶನೂ ಬಂದು ಚಹಾಕ್ಕೆ ಕೂತ. ಇವನಿಗೆ ಯಾರು ಸುದ್ದಿ ಕೊಟ್ಟರು? ನೀಲಾಂಬಿಕಳ ಕಣ್ಣು ಕಿರಿದಾಯಿತು.

"ಅಕ್ಕಾ, ನಿಮ್ ಉದ್ಯಮ ಸೂಕ್ಷ್ಮನಾ, ಸಣ್ಣದಾ, ಮಧ್ಯಮನಾ ನೋಡ್ಬೇಕು," ಎಂದಳು ಶರಣ್ಯ, ಮೊಬೈಲ್ ತೆರೆದು.

"ಯಾಕೆ? ದೊಡ್ಡದು ಅಂದ್ರೆ ತೆರಿಗೆ ಜಡಿಯಾಕಾ?"

"ಅಲ್ಲಕ್ಕಾ. ಮಷಿನ್‌ಗೆ ಹಾಕಿದ್ದು ಎರಡೂವರೆ ಕೋಟಿ, ವರ್ಷದ ವ್ಯಾಪಾರ ಹತ್ತು ಕೋಟಿ ದಾಟದಿದ್ರೆ ಸೂಕ್ಷ್ಮ."

"ಕೋಟಿ? ನಮ್ಮನೇಲಿ ಕೋಟಿ ಐತಿ ಅಂತ ಯಾರ್ ಹೇಳಿದ್ರು ನಿಂಗೆ?"

ಗುರುಪ್ರಕಾಶ ನಕ್ಕ. "ನಮ್ಮತ್ಗೆ ಬಾಯಿಂದ ಲೆಕ್ಕ ತೆಗಿಯೋದು ಕಲ್ಲಿಂದ ನಾರು ತೆಗ್ದಂಗೆ ಬಿಡವ್ವಾ. ಉಪ್ಪಿನ ಡಬ್ಬಿಗೂ ಬೀಗ ಹಾಕ್ತಾರೆ."

"ನಿನ್ನಂಥೋರು ಬಂದು ಹೋಗೋ ಮನೇಲಿ ಬೀಗಕ್ಕೂ ಬೀಗ ಬೇಕು."

"ಮಷಿನ್ ನಿಮ್ದೇ ಅಲ್ವಾ ಅಕ್ಕಾ?"

ರೂಢಿಬಿದ್ದ ನಾಲಿಗೆ ತಡೆಯಲಿಲ್ಲ. "ಸೊರಬದ ಚಿಕ್ಕಮ್ಮಂದು."

ಶರಣ್ಯಳ ಬೆರಳು ನಿಂತಿತು. "ಹಂಗಾದ್ರೆ ಹಾಸ್ಟೆಲ್‌ನೋರು ಒಪ್ಪಲ್ವಲ್ಲಕ್ಕಾ."

"ಅದಕ್ಕೇನು, ನನ್ನ ಹೆಸರಲ್ಲಿ ಮಾಡ್ಸಿ!" ಗುರುಪ್ರಕಾಶ ಆಗಲೇ ಮೊಬೈಲ್ ಹೊರತೆಗೆದಿದ್ದ. "ಅತ್ಗೆ, ಚಿಕ್ಕಮ್ಮನ ನಂಬರ್ ಕೊಡ್ರಿ. ಮಷಿನ್ ನಂಗೇ ಮಾರ್ತಾರಾ ಕೇಳ್ತೀನಿ."

ನೀಲಾಂಬಿಕ ಅವನನ್ನು ನೋಡಿದಳು, ಶರಣ್ಯಳನ್ನು ನೋಡಿದಳು. ಇಬ್ಬರೂ ಒಳಗೊಳಗೇ ಮಾತಾಡಿಕೊಂಡಿದ್ದಾರೋ ಏನೋ! ಸುಮ್ಮನಿದ್ದರೆ ಹಾಸ್ಟೆಲ್ ಹೋಗುತ್ತದೆ, ಬಾಯಿಬಿಟ್ಟರೆ ಇವನಿಗೆ ಗೊತ್ತಾಗುತ್ತದೆ. ಕೊನೆಗೆ ಶರಣ್ಯಳ ಕಡೆ ತಿರುಗಿದಳು.

"ಸೊರಬದಾಗೆ ನಂಗೆ ಯಾವ ಚಿಕ್ಕಮ್ಮನೂ ಇಲ್ಲ. ಮಷಿನ್ ನಂದು. ನಾನೇ ಕೊಂಡಿದ್ದು. ಬರ್ಕೋ."

ಗುರುಪ್ರಕಾಶನ ಚಹಾದ ಲೋಟ ಅರ್ಧದಲ್ಲೇ ನಿಂತಿತು. "ಮತ್ತೆ ಚಿಕ್ಕಮ್ಮಂಗೆ ಆರಾಮಿಲ್ಲ ಅಂತ ನನ್ ಹತ್ರ ಮೂಸಂಬಿ ತರ್ಸಿದ್ರಲ್ಲ?"

"ಚೆನ್ನಾಗಿದ್ವು."

ಶರಣ್ಯ ನಗು ತಡೆದುಕೊಂಡು 'ಸೂಕ್ಷ್ಮ' ಎಂದು ತುಂಬಿದಳು. ಹೆಸರು ತನ್ನದೇ ಹೌದೋ ಅಲ್ಲವೋ ಎಂದು ನೀಲಾಂಬಿಕ ಮೊಬೈಲ್ ಇಸಿದುಕೊಂಡು ಎರಡೆರಡು ಸಲ ಓದಿದಳು. ಮೈದುನ ಚಪ್ಪಲಿ ಮೆಟ್ಟಿ ಬೀದಿಗಿಳಿಯುವವರೆಗೂ ಹಿಂದಿನ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟೇ ನಿಂತಿದ್ದಳು.